ಮಸ್ಕತ್ತಿನ ಐಸ್ ಹಾಕಿ ತಂಡದ ಗೋಲ್‌ಕೀಪರ್

ಬಿಸಿಲಿನ ದೇಶದಲ್ಲಿ ನೀರನ್ನು ಗಟ್ಟಿಮಾಡಿ ಅದರ ಮೇಲೆ ಆಡಲು ಹೊರಟವರ ಮನೆಯಲ್ಲಿ ವಿಚಿತ್ರಗಳಿಗೆ ಬರವಿರುವುದಿಲ್ಲ. ಅರ್ಧ ನಗಿಸುತ್ತವೆ, ಉಳಿದರ್ಧ, ಹೇಳಿ ಮುಗಿಸಿದ ಮೇಲೆ ಒಮ್ಮೆ ಬೆನ್ನ ಹಿಂದೆ ನೋಡುವಂತೆ ಮಾಡುತ್ತವೆ. ಯಾವುದು ಯಾವ ಅರ್ಧಕ್ಕೆ ಸೇರಿದ್ದು ಎಂದು ವಿಂಗಡಿಸಲು ನನಗೆ ಇವತ್ತಿಗೂ ಬಂದಿಲ್ಲ.

ಇವನ್ನೆಲ್ಲ ಹೇಳುತ್ತಿದ್ದವರು ನಮ್ಮವರು, ನನ್ನ ಗಂಡ. ಊಟಕ್ಕೆ ಕರೆದ ಮನೆಗಳಲ್ಲಿ ಎದ್ದು ನಿಂತು, ಕೈಕಾಲು ಆಡಿಸಿ ಹೇಳುತ್ತಿದ್ದರು. ನಾನು ಪಕ್ಕದಲ್ಲಿ ಕೂತು, ಉತ್ಪ್ರೇಕ್ಷೆ ಬಂದಲ್ಲಿ ತಿದ್ದುತ್ತಿದ್ದೆ. ಈಗ ಹೇಳುವವರಿಲ್ಲ, ತಿದ್ದುವವಳು ಮಾತ್ರ ಇದ್ದೇನೆ. ಹಾಗಾಗಿ ಇಲ್ಲಿ ಕೈಕಾಲು ಆಡುವುದಿಲ್ಲ, ನಡೆದದ್ದಷ್ಟೇ ಇರುತ್ತದೆ.

ಎಂಬತ್ತರ ದಶಕದ ನಡುವಿನಿಂದ ತೊಂಬತ್ತರ ಮೊದಲ ವರ್ಷಗಳವರೆಗೆ ಮಸ್ಕತ್ತಿನಲ್ಲಿ ಒಂದು ಐಸ್ ಹಾಕಿ ತಂಡವಿತ್ತು. ಕಿಟಕಿಯಿಲ್ಲದ ದೊಡ್ಡ ತಗಡಿನ ಶೆಡ್ಡು, ಅದರೊಳಗೆ ಹಾಲಿನ ಬಣ್ಣದ ಐಸಿನ ಅಂಗಳ, ಅದನ್ನು ರಿಂಕ್ ಎನ್ನುತ್ತಾರೆ. ಹೊರಗೆ ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುತ್ತಿತ್ತು, ಒಳಗೆ ಉಸಿರು ಹೊಗೆಯಾಗುತ್ತಿತ್ತು. ಐಸಿನ ಕೆಳಗೆ ಹಾಸಿದ ಪೈಪುಗಳು ಆಗಾಗ ಟಕ್ ಟಕ್ ಎನ್ನುತ್ತಿದ್ದವು, ಯಾರೋ ಕೆಳಗಿನಿಂದ ಬಾಗಿಲು ತಟ್ಟಿದ ಹಾಗೆ. ಆ ಪೈಪುಗಳನ್ನೂ ಕಂಪ್ರೆಸರುಗಳನ್ನೂ ನೋಡಿಕೊಳ್ಳುವುದು ಇವರ ಕೆಲಸ. ಇವರು ಮೂಲ್ಕಿಯವರು. ನಾನು ಇಂಡಿಯನ್ ಶಾಲೆಯೊಂದರಲ್ಲಿ ಟೀಚರ್.

ತಂಡ ಕಟ್ಟಿದ್ದು ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯಲ್ಲಿದ್ದ ಕೆನಡಾದ ಒಬ್ಬ ಎಂಜಿನಿಯರ್. ಕ್ಯಾಪ್ಟನ್ನೂ ಅವರೇ. ಆಡುವವರು ಹೇಗೋ ಸಿಕ್ಕಿದರು, ಗೋಲಿನಲ್ಲಿ ನಿಲ್ಲಲು ಯಾರೂ ಒಪ್ಪಲಿಲ್ಲ. ಪೈಪು ಪರೀಕ್ಷಿಸುತ್ತಿದ್ದ ಇವರನ್ನು ಕೇಳಿದರು: “ನಿಮಗೆ ಸ್ಕೇಟಿಂಗ್ ಬರುತ್ತದೆಯೆ?”

“ಇಲ್ಲ ಸಾರ್.”

“ಒಳ್ಳೆಯದಾಯಿತು. ಹಾಗಾದರೆ ಗೋಲು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ.”

ಇವರು ಗೋಲಿನಲ್ಲಿ ನಿಂತಷ್ಟು ಕಾಲ ಆ ತಂಡ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ದುಬೈಯಿಂದ ಬಸ್ಸಿನಲ್ಲಿ ಬರುತ್ತಿದ್ದ ತಂಡವೊಂದೇ ನಮಗೆ ಎದುರಾಳಿ. ಅವರು ಪ್ರತಿ ಸಲವೂ ಗೆದ್ದು, ನಗುತ್ತಾ ಬಸ್ಸು ಹತ್ತುತ್ತಿದ್ದರು. ಶುಕ್ರವಾರ ಸಂಜೆ ಮನೆಗೆ ಬಂದು ಕಾಲಿನ ಪ್ಯಾಡು ಬಿಚ್ಚುವಾಗ ಇವರು ಹೇಳುತ್ತಿದ್ದದ್ದು ಒಂದೇ ಮಾತು: “ಒಂದೇ ಒಂದು ಸಲ ಗೆಲ್ಲಬೇಕು ಮಾರಾಯ್ತಿ. ಎರಡನೇದು ಬೇಡ.” ಇವರಿಗೆ ಬೇರೆ ಯಾವ ಆಸೆಯೂ ಇದ್ದದ್ದು ನನಗೆ ಗೊತ್ತಿಲ್ಲ.

ದೃಷ್ಟಿ

ಹೀಗೆ ಸೋಲುತ್ತಿದ್ದಾಗ ಒಂದು ವರ್ಷ ಇವರಿಗೆ ಆಯುಧಪೂಜೆ ನೆನಪಾಯಿತು. ಹಾಕಿ ಸ್ಟಿಕ್ಕುಗಳು ಆಯುಧವೇ. ಐಸಿನ ಮೇಲ್ಪದರವನ್ನು ಹೆರೆದು ನೀರು ಬಿಟ್ಟು ಹೊಸ ಪದರ ಕಟ್ಟಿಸುವ ಗಾಡಿಯಂತೂ ವಾಹನವೇ. ತಂಡದಲ್ಲಿದ್ದ ನಮ್ಮೂರ ಕಡೆಯ ಇನ್ನೊಬ್ಬರು, ಹೋಟೆಲಿನಲ್ಲಿ ಸೂಪರ್‌ವೈಸರ್ ಆಗಿದ್ದ ಪಡುಬಿದ್ರಿಯವರು, ಮತ್ರಾ ಪೇಟೆಯ ಗಲ್ಲಿಗಳಲ್ಲಿ ಹುಡುಕಾಡಿ ಬೂದುಗುಂಬಳ ತಂದರು. ಗಾಡಿಯ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು, ಸ್ಟಿಕ್ಕುಗಳಿಗೆ ಅರಿಶಿನ ಕುಂಕುಮ ಹಚ್ಚಿದರು. ಕುಂಬಳದಲ್ಲಿ ತೂತು ಕೊರೆದು ಕುಂಕುಮ ತುಂಬಿ, ಇವರು ಅದನ್ನು ಗೋಲಿನ ಎದುರೇ ಒಡೆದರು. ಆಪತ್ತು ಬರುವುದು ಆ ಕಡೆಯಿಂದಲೇ ಅಲ್ಲವೆ?

ಊರಿನ ರಸ್ತೆಯಲ್ಲಾದರೆ ಎರಡು ಲಾರಿ ಹೋದರೆ ಮುಗಿಯಿತು. ಐಸಿನ ಮೇಲೆ ಹಾಗಲ್ಲ. ಕುಂಬಳದ ನೀರು, ಕುಂಕುಮ, ಎಲ್ಲವೂ ಕಣ್ಣೆದುರೇ ಗಟ್ಟಿಯಾದವು. ಇವರು ಗಾಬರಿಯಲ್ಲಿ ಗಾಡಿ ಓಡಿಸಿದರು. ಗಾಡಿ ಅದನ್ನು ಹೆರೆಯುವ ಬದಲು ಉದ್ದಕ್ಕೆ ಎಳೆಯಿತು, ಮೇಲಿನಿಂದ ನೀರು ಬಿಟ್ಟು ಗಾಜು ಹಾಕಿದ ಹಾಗೆ ಮುಚ್ಚಿತು. ಮರುದಿನ ನೋಡಿದರೆ, ಗೋಲಿನ ಎದುರು ಐಸಿನ ಒಳಗೆ, ಯಾರನ್ನೋ ಎಳೆದುಕೊಂಡು ಹೋದ ಹಾಗೆ ಒಂದು ಕೆಂಪು ಗುರುತು. ಗುಡಿಸುವ ಬಂಗಾಲಿ ಹುಡುಗ ಕಲಿಮದ ಪ್ರಾರ್ಥನೆ ಹೇಳುತ್ತಾ ಹೊರಗೆ ಹೋದವನು ಸಂಜೆಯವರೆಗೆ ಒಳಗೆ ಬರಲಿಲ್ಲ.

ರಿಂಕಿನ ಮಾಲೀಕರು ಒಬ್ಬ ಒಮಾನಿ. ನಮ್ಮ ವೀಸಾಕ್ಕೆ ಜವಾಬ್ದಾರರಾದ ಕಫೀಲ್ ಕೂಡ ಅವರೇ. ಎಲ್ಲರೂ ಅವರನ್ನು ಅರ್ಬಾಬ್, ಎಂದರೆ ಧಣಿ, ಎನ್ನುತ್ತಿದ್ದರು. ಒಳ್ಳೆಯ ಮನುಷ್ಯ. ಬಿಳಿಯ ದಿಶ್‌ದಾಶಾ ನಿಲುವಂಗಿ ಎತ್ತಿ ಹಿಡಿದು, ಬಗ್ಗಿ, ಆ ಕೆಂಪನ್ನು ಬಹಳ ಹೊತ್ತು ನೋಡಿದರು.

“ಯಾರು ಸತ್ತರು?” ಎಂದು ಇವರನ್ನು ಹಿಂದಿಯಲ್ಲಿ ಕೇಳಿದರು.

“ಯಾರೂ ಸಾಯಲಿಲ್ಲ ಅರ್ಬಾಬ್. ಇದು ಪೂಜೆಯದ್ದು. ಟೀಮಿಗೆ ಜನರ ಕೆಟ್ಟ ದೃಷ್ಟಿ ತಾಗಬಾರದು ಅಂತ.”

ಅವರು ನಿಧಾನವಾಗಿ ನೆಟ್ಟಗಾದರು. “ಈ ಟೀಮಿಗೆ?” ಎಂದರು. “ಇದನ್ನು ನೋಡಿ ಹೊಟ್ಟೆಕಿಚ್ಚು ಪಟ್ಟವನು ಯಾರು? ಅವನನ್ನು ಒಮ್ಮೆ ನನಗೆ ತೋರಿಸು.”

ಸುವೈಕಿನ ಅತಿಥಿಗಳು

ಕಡಲತೀರದ ಊರು ಸುವೈಕಿನಲ್ಲಿ ಇವರ ಗೆಳೆಯರೊಬ್ಬರಿದ್ದರು, ಮಲ್ಪೆಯವರು, ಮೀನಿನ ಕೋಲ್ಡ್ ಸ್ಟೋರೇಜ್ ನೋಡಿಕೊಳ್ಳುತ್ತಿದ್ದರು. ಒಂದು ಗುರುವಾರ ಅವರ ಯಂತ್ರ ಕೆಟ್ಟಿತು. ಇವರು ಹೋಗಿ ನೋಡಿದರೆ, ಬೇಕಾದ ಬಿಡಿಭಾಗ ಒಮಾನಿನಲ್ಲೇ ಇಲ್ಲ. ಒಳಗೆ ಕೋಣೆ ತುಂಬ ಅಂಜಲ್ ಮೀನು. ಗೆಳೆಯರು ತಲೆಯ ಮೇಲೆ ಕೈಹೊತ್ತು ಕೂತಿದ್ದರಂತೆ. ಇವರು, “ಮೀನಿಗೆ ಬೇಕಾದ್ದು ಐಸ್ ತಾನೆ? ನಮ್ಮಲ್ಲಿ ಅಂಗಳ ತುಂಬ ಉಂಟು,” ಎಂದರಂತೆ. ಫೋನಿನಲ್ಲಿ ಕೇಳಿದಾಗ ಅರ್ಬಾಬ್ ಕೂಡ “ಯಲ್ಲಾ, ನಡೆಯಲಿ” ಎಂದುಬಿಟ್ಟರು. ಕ್ಯಾಪ್ಟನ್‌ಗೆ ಹೇಳಲು ಎಲ್ಲರೂ ಮರೆತರು.

ಶುಕ್ರವಾರ ಬೆಳಿಗ್ಗೆ ಅಭ್ಯಾಸಕ್ಕೆ ನಾನೂ ಚಹಾದ ಫ್ಲಾಸ್ಕ್ ಹಿಡಿದು ಹೋಗಿದ್ದೆ. ಕ್ಯಾಪ್ಟನ್ ಬೀಗ ತೆಗೆದು ದೀಪದ ಗುಂಡಿ ಒತ್ತಿದರು. ಅಲ್ಲಿಯ ಟ್ಯೂಬ್‌ಲೈಟುಗಳು ಒಟ್ಟಿಗೆ ಹತ್ತುವುದಿಲ್ಲ. ಈ ತುದಿಯಿಂದ ಆ ತುದಿಗೆ ಮಿನುಗುತ್ತಾ ಒಂದೊಂದಾಗಿ ಹತ್ತುತ್ತವೆ. ಒಂದೊಂದು ಹತ್ತಿದ ಹಾಗೆ ಒಂದೊಂದು ಸಾಲು ಕಣ್ಣು ಕಾಣಿಸಿತು. ಮಲ್ಪೆಯವರು ಅಚ್ಚುಕಟ್ಟಿನ ಮನುಷ್ಯ. ಅಷ್ಟೂ ಮೀನುಗಳನ್ನು ಒಂದೇ ಕಡೆಗೆ ಮುಖ ಮಾಡಿಸಿ ಮಲಗಿಸಿದ್ದರು, ಬಾಗಿಲಿನ ಕಡೆಗೆ. ಜಾಗ ಸಾಲದ್ದಕ್ಕೆ ಒಂದು ದೊಡ್ಡ ತಾಟೆ, ಎಂದರೆ ಶಾರ್ಕ್ ಮೀನು, ಗೋಲಿನೊಳಗೆ ಅಡ್ಡ ಮಲಗಿತ್ತು. ಎಲ್ಲ ಕಣ್ಣುಗಳೂ ನಮ್ಮನ್ನೇ ನೋಡುತ್ತಿದ್ದವು. ಪೈಪುಗಳು ಕೆಳಗಿನಿಂದ ಟಕ್ ಟಕ್ ಎಂದವು.

ಕ್ಯಾಪ್ಟನ್ ಕೇಳಿದರು, “ಇದು ಯಾವ ಟೀಮ್?”

ಹೋಟೆಲಿನವರು, “ಯಾವುದೇ ಆಗಲಿ ಸಾರ್, ನಮಗಿಂತ ಶಿಸ್ತು ಉಂಟು,” ಎಂದರು.

ಕ್ಯಾಪ್ಟನ್ ಒಂದು ಬಿಲ್ಲೆ ತೆಗೆದರು. ಈ ಆಟದಲ್ಲಿ ಚೆಂಡಿಲ್ಲ, ಕಪ್ಪು ರಬ್ಬರಿನ ಬಿಲ್ಲೆ. ಗೋಲಿನ ಕಡೆ ಬೀಸಿ ಹೊಡೆದರು. ಅದು ತಾಟೆಯ ಹೊಟ್ಟೆಗೆ ಬಡಿದು ವಾಪಸ್ಸು ಬಂತು. ಇನ್ನೊಂದು ಹೊಡೆದರು. ಅದೂ ವಾಪಸ್ಸು.

“ಇನ್ನು ಮುಂದೆ ಇವನನ್ನೇ ನಿಲ್ಲಿಸೋಣ,” ಎಂದರು.

“ನಿಲ್ಲಿಸಿ ಸಾರ್,” ಎಂದರು ನಮ್ಮವರು, “ಆದರೆ ಕಂಪ್ರೆಸರ್ ಕೆಟ್ಟರೆ ರಿಪೇರಿ ಮಾಡಲಿಕ್ಕೆ ಅವನಿಗೆ ಬರ್ತದಾ ಅಂತ ಮೊದಲು ಕೇಳಿ.”

ಮೀನು ಹೋಯಿತು, ವಾಸನೆ ಹೋಗಲಿಲ್ಲ. ಆಮೇಲೆ ಆ ಸುತ್ತಲಿನ ಬೆಕ್ಕುಗಳು ಪಂದ್ಯದ ದಿನ ತಪ್ಪದೆ ಬಂದು ಮೆಟ್ಟಿಲ ಮೇಲೆ ಸಾಲಾಗಿ ಕೂರತೊಡಗಿದವು. ಒಂದೂ ಕೂಗುತ್ತಿರಲಿಲ್ಲ. ಬಿಲ್ಲೆ ಹೋದ ಕಡೆಗೆ ಎಲ್ಲ ತಲೆಗಳೂ ಒಟ್ಟಿಗೆ ತಿರುಗುತ್ತಿದ್ದವು. ನಾನು ಅವುಗಳ ನಡುವೆ ಒಬ್ಬಳೇ ಕೂತು ಸ್ವೆಟರ್ ಬಿಗಿ ಮಾಡಿಕೊಳ್ಳುತ್ತಿದ್ದೆ. ಕ್ಯಾಪ್ಟನ್‌ಗೆ ಮಾತ್ರ ಖುಷಿ. “ನೋಡಿ ಟೀಚರ್, ಆಟ ಅರ್ಥವಾಗುವ ಪ್ರೇಕ್ಷಕರು ಮೊದಲ ಸಲ ಬಂದಿದ್ದಾರೆ,” ಎಂದರು. ಅಲ್ಲಿಯವರೆಗೆ ಪ್ರೇಕ್ಷಕಿ ನಾನೊಬ್ಬಳೇ.

ಕಾಲಿಲ್ಲದವರು

ರಜೆ ಮುಗಿದು ಶಾಲೆ ತೆರೆದ ಹೊಸತು, ಸೆಕೆ ಚರ್ಮಕ್ಕೆ ಅಂಟುವ ಕಾಲ. ನನ್ನ ತರಗತಿಯ ಮಕ್ಕಳನ್ನು ರಿಂಕ್ ತೋರಿಸಲು ಕರೆದುಕೊಂಡು ಹೋದೆ. ಮಕ್ಕಳು ಒಬ್ಬೊಬ್ಬರಾಗಿ ಒಳಗೆ ಬರುವಷ್ಟು ಹೊತ್ತೂ ದೊಡ್ಡ ಬಾಗಿಲು ತೆರೆದೇ ಇತ್ತು. ಹೊರಗಿನ ತೇವದ ಗಾಳಿ ಐಸಿನ ಮೇಲೆ ಹರಿದು ಮಂಜಾಯಿತು. ಮಂಜು ಮೇಲೇಳಲಿಲ್ಲ; ಆಟಗಾರರ ಕತ್ತಿನ ಮಟ್ಟಕ್ಕೆ, ಹಾಸಿದ ಬಿಳಿ ಬಟ್ಟೆಯ ಹಾಗೆ ನಿಂತಿತು.

ಅದರ ಮೇಲೆ ತಲೆಗಳು ಓಡಾಡುತ್ತಿದ್ದವು. ನಡೆಯುವವರ ತಲೆ ಮೇಲೆ ಕೆಳಗೆ ಆಡುತ್ತದೆ. ಇವು ಆಡುತ್ತಿರಲಿಲ್ಲ, ಜಾರಿಕೊಂಡು ಹೋಗಿ ಜಾರಿಕೊಂಡು ಬರುತ್ತಿದ್ದವು. ಗಲಾಟೆಗೆ ಹೆಸರಾದ ನನ್ನ ತರಗತಿ ಉಸಿರು ಬಿಗಿಹಿಡಿದು ನಿಂತಿತು. ನಮ್ಮವರು ಗೋಲಿನಿಂದ ನನ್ನನ್ನು ನೋಡಿ ಮಾಸ್ಕ್ ತೆಗೆದು ನಕ್ಕರು. ಅಲ್ಲಿ ಕಂಡದ್ದು ನಗುವ ತಲೆ ಮಾತ್ರ.

“ಮಿಸ್,” ಎಂದು ಒಬ್ಬಳು ಪಿಸುಗುಟ್ಟಿದಳು, “ವೇರ್ ಈಸ್ ದ ರೆಸ್ಟ್ ಆಫ್ ಅಂಕಲ್?”

“ಕೆಳಗೆ ಇದ್ದಾರಮ್ಮ, ಮಂಜಿನಲ್ಲಿ ಕಾಣುವುದಿಲ್ಲ,” ಎಂದೆ. ಅವಳು ನಂಬಿದ ಹಾಗೆ ಕಾಣಲಿಲ್ಲ.

ಎರಡು ದಿನ ಬಿಟ್ಟು ಆ ಹುಡುಗಿಯ ತಾಯಿ ನಮ್ಮ ಮನೆಗೆ ಬಂದರು. ಮೈಸೂರಿನ ಕಡೆಯವರು, ಸಂಕೋಚದ ಹೆಂಗಸು. ಕೈಯಲ್ಲಿ ಒಂದು ಡಬ್ಬ ಮೈಸೂರುಪಾಕು. ಕುರ್ಚಿಯ ತುದಿಯಲ್ಲಿ ಕೂತು, ಸೆರಗು ಸರಿಮಾಡಿಕೊಂಡು, ತಗ್ಗಿದ ದನಿಯಲ್ಲಿ ಶುರುಮಾಡಿದರು. “ಮಗು ಹೇಳ್ತು ಮಿಸ್. ನಿಮ್ಮ ಯಜಮಾನರಿಗೆ ಕಾಲು... ನಮಗೆ ಗೊತ್ತೇ ಇರಲಿಲ್ಲ. ಆದ್ರೂ ಎಷ್ಟು ನಗ್ತಾ ನಗ್ತಾ ಇರ್ತಾರಂತೆ, ಪಾಪ. ಜೈಪುರದಲ್ಲಿ ಕಾಲು ಮಾಡಿಕೊಡ್ತಾರಂತಲ್ಲ, ನಮ್ಮ ಯಜಮಾನ್ರು ವಿಚಾರಿಸ್ತೀನಿ ಅಂದಿದ್ದಾರೆ.”

ಅಷ್ಟರಲ್ಲಿ ಒಳಗಿನಿಂದ ಇವರು ಕಾಫಿಯ ತಟ್ಟೆ ಹಿಡಿದು ನಡೆದುಕೊಂಡು ಬಂದರು, ಲುಂಗಿ ಎತ್ತಿ ಕಟ್ಟಿಕೊಂಡು. ಆ ತಾಯಿಯ ದೃಷ್ಟಿ ಇವರ ಎರಡು ಮೊಣಕಾಲುಗಳ ಮೇಲೆ ನಿಂತಿತು. ತಪ್ಪು ತಿಳಿದೆ ಎನ್ನಲು ಸಂಕೋಚ, ಸುಮ್ಮನಿರಲೂ ಸಂಕೋಚ. ಕೊನೆಗೆ, “ಗೊತ್ತೇ ಆಗೋಲ್ಲವಲ್ಲ! ಎಷ್ಟು ಚೆನ್ನಾಗಿ ಕೂರಿಸಿದ್ದಾರೆ. ಎಲ್ಲಿ ಮಾಡಿಸಿದ್ರಿ?” ಎಂದರು.

ಇವರು ಕಾಫಿ ಕೊಡುತ್ತಾ, “ಮೂಲ್ಕಿಯಲ್ಲಿ. ಅಮ್ಮ ಮಾಡಿದ್ದು,” ಎಂದರು.

ಒಂದು ನಿಮಿಷದ ಮೌನ

ಮುಂದಿನ ಚಳಿಗಾಲದಲ್ಲಿ ಇವರು ಹೋದರು. ಕಂಪ್ರೆಸರ್ ಕೋಣೆಯಲ್ಲಿ, ಹಗಲು, ಎದೆನೋವು. ಊರಿಗೆ ಕರೆದುಕೊಂಡು ಹೋಗಿ ಉತ್ತರಕ್ರಿಯೆಯ ಕೆಲಸಗಳನ್ನೆಲ್ಲ ಮುಗಿಸಿ, ನನ್ನ ತರಗತಿಯ ಮಕ್ಕಳ ಪರೀಕ್ಷೆ ಹತ್ತಿರವಿದ್ದದ್ದರಿಂದ ನಾನು ಮಸ್ಕತ್ತಿಗೆ ವಾಪಸ್ಸು ಬಂದೆ. ಅಷ್ಟು ಹೊತ್ತಿಗೆ ಅರ್ಬಾಬ್ ರಿಂಕ್ ಮುಚ್ಚಿ ಪೀಠೋಪಕರಣದ ಅಂಗಡಿ ಮಾಡಲು ನಿರ್ಧರಿಸಿದ್ದರು. “ಐಸ್ ಖಲಾಸ್,” ಎಂದರು ನನ್ನ ಹತ್ತಿರ. ಹೇಳುವಾಗ ಕಣ್ಣು ಒರೆಸಿಕೊಂಡರು. ಅದು ಐಸಿಗಾಗಿ ಅಲ್ಲವೆಂದು ನನಗೆ ಗೊತ್ತಿತ್ತು. ದುಬೈಯವರ ಜೊತೆ ಒಂದು ಪಂದ್ಯ ಮಾತ್ರ ಬಾಕಿ ಇತ್ತು. ಅದೇ ಕೊನೆಯದು. ಇವರು ಬಯಸಿದ ಒಂದು ಗೆಲುವು ಬರುವುದಿದ್ದರೆ ಅವತ್ತು ಬರಬೇಕು, ಇಲ್ಲವಾದರೆ ಇಲ್ಲ.

ಇವರ ಪ್ಯಾಡು, ಮಾಸ್ಕ್, ಎದೆಗವಚ ಎಲ್ಲ ತಂಡದ ಆಸ್ತಿ. ಅವನ್ನು ಒಪ್ಪಿಸಿ ಬರೋಣವೆಂದು ಆ ಶುಕ್ರವಾರ ಮಧ್ಯಾಹ್ನ ಹೋದೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಕ್ಯಾಪ್ಟನ್ ತಲೆ ತಗ್ಗಿಸಿ ಕೂತಿದ್ದರು. ಇದ್ದದ್ದು ಐದೇ ಜನ. ಆರು ಜನರಿಲ್ಲದಿದ್ದರೆ ಪಂದ್ಯ ಶುರು ಮಾಡುವುದಿಲ್ಲ, ಆಡದೆಯೇ ಸೋತ ಹಾಗೆ ಎಂದು ಎರಡು ತಂಡದವರೂ ಹಿಂದೆಯೇ ಮಾಡಿಕೊಂಡ ನಿಯಮವಿತ್ತು.

ಕ್ಯಾಪ್ಟನ್ ನನ್ನನ್ನು ನೋಡಿದರು, ನನ್ನ ಕೈಯಲ್ಲಿದ್ದ ಮಾಸ್ಕ್ ನೋಡಿದರು. “ಟೀಚರ್...” ಎಂದು ನಿಲ್ಲಿಸಿದರು.

“ನನಗೆ ಐಸಿನ ಮೇಲೆ ನಿಲ್ಲಲಿಕ್ಕೇ ಬರುವುದಿಲ್ಲ,” ಎಂದೆ.

ಹೋಟೆಲಿನವರು ಸಮಾಧಾನ ಹೇಳಿದರು: “ಸುಮ್ಮನೆ ಗೋಲಿನ ಕಂಬ ಹಿಡ್ಕೊಂಡು ನಿಂತ್ರೆ ಸಾಕು ಟೀಚರ್. ನಮ್ಮಣ್ಣ ಮಾಡ್ತಿದ್ದದ್ದೂ ಅಷ್ಟೆ.”

ಇವರೂ ನಾನೂ ಒಂದೇ ಎತ್ತರ. ಮದುವೆಯಲ್ಲಿ ಹಾರ ಹಾಕಲು ಯಾರನ್ನೂ ಎತ್ತಬೇಕಾಗಿರಲಿಲ್ಲ. ಚೂಡಿದಾರದ ಮೇಲೆಯೇ ಎಲ್ಲವನ್ನೂ ಕಟ್ಟಿಕೊಂಡೆ. ಕಾಲಿಗೆ ನನ್ನ ಕ್ಯಾನ್ವಾಸ್ ಶೂ. ಮಾಸ್ಕ್ ಹಾಕಿದಾಗ ಒಳಗೆ ಇವರ ತಲೆಗೆಣ್ಣೆಯ ವಾಸನೆ ಇನ್ನೂ ಇತ್ತು. ಸ್ವಲ್ಪ ಹೊತ್ತು ನನಗೆ ಏನೂ ಕೇಳಿಸಲಿಲ್ಲ. ಪ್ಯಾಡಿನ ಪಟ್ಟಿಗಳು ಒಂದಕ್ಕೊಂದು ಸಿಕ್ಕಿಕೊಂಡು ತಡವಾಯಿತು. ಕ್ಯಾಪ್ಟನ್, “ನೀವು ಕರೆತನ್ನಿ,” ಎಂದು ಹೋಟೆಲಿನವರಿಗೆ ಹೇಳಿ ಉಳಿದವರ ಜೊತೆ ಹೊರಗೆ ಹೋದರು.

ಅಲ್ಲಿ ನಡೆದದ್ದು ನನಗೆ ಆಮೇಲೆ ತಿಳಿಯಿತು. ದುಬೈ ತಂಡದ ನಾಯಕ, ಬೀರುವಿನಂಥ ಮನುಷ್ಯ, ತಾನಾಗಿಯೇ ಮುಂದೆ ಬಂದು, “ತೀರಿಹೋದ ನಿಮ್ಮ ಗೋಲ್‌ಕೀಪರ್‌ಗಾಗಿ ಒಂದು ನಿಮಿಷ ಮೌನ ನಿಲ್ಲೋಣ,” ಎಂದನಂತೆ. ಎಲ್ಲರೂ ಐಸಿನ ನಡುವೆ ಹೆಲ್ಮೆಟ್ ತೆಗೆದು, ತಲೆ ತಗ್ಗಿಸಿ, ಕಣ್ಣು ಮುಚ್ಚಿ ನಿಂತರು. ನಾವಿಬ್ಬರು ಗೋಲಿನ ಪಕ್ಕದ ಬಾಗಿಲಿಗೆ ಬಂದದ್ದು ಆಗ. ಹೋಟೆಲಿನವರಿಗೆ ಪಂದ್ಯ ಶುರುವಾಗಿಬಿಟ್ಟೀತೆಂಬ ಅವಸರ. ನನ್ನ ಬೆನ್ನಿಗೆ ಕೈಕೊಟ್ಟು ಮೆಲ್ಲನೆ ಒಮ್ಮೆ ತಳ್ಳಿದರು. ನಾನು ಕಾಲೆತ್ತದೆ, ನಿಂತ ಹಾಗೆಯೇ, ಸದ್ದಿಲ್ಲದೆ ಜಾರಿಕೊಂಡು ಹೋಗಿ ಗೋಲಿನ ಕಂಬ ಹಿಡಿದುಕೊಂಡೆ.

ಮೌನ ಮುಗಿದು ಎಲ್ಲರೂ ತಲೆ ಎತ್ತಿದರು. ಯಾರಿಗಾಗಿ ಮೌನ ನಿಂತಿದ್ದರೋ ಅವರು ಗೋಲಿನಲ್ಲಿ ನಿಂತಿದ್ದರು.

ನನ್ನನ್ನು ಕೇಳಿಕೊಂಡಿದ್ದ ನಮ್ಮ ಕ್ಯಾಪ್ಟನ್ನೇ ಹಾರಿಬಿದ್ದು ಎದೆಯ ಮೇಲೆ ಶಿಲುಬೆ ಬರೆದುಕೊಂಡರು. ದುಬೈಯವರಲ್ಲಿ ಒಬ್ಬನ ಸ್ಟಿಕ್ ಕೈಜಾರಿ ಬಿತ್ತು. ಐಸಿನ ಕೆಳಗೆ ಪೈಪು ಟಕ್ ಟಕ್ ಎಂದಿತು.

ರೆಫರಿ ಬೆಂಗಳೂರಿನವರು, ಬ್ಯಾಂಕಿನಲ್ಲಿ ಆಫೀಸರ್. ನಿಯಮ ಬಿಟ್ಟು ಒಂದು ಹೆಜ್ಜೆ ಇಡದ ಮನುಷ್ಯ. ಅವರಿಗೂ ಮಾಸ್ಕಿನೊಳಗೆ ಯಾರೆಂದು ಗೊತ್ತಿರಲಿಲ್ಲ. ದುಬೈ ನಾಯಕ ಅವರ ಹತ್ತಿರ ಜಾರಿಹೋಗಿ, ಗೋಲಿನ ಕಡೆ ನೋಡದೆ ಬೆರಳು ಮಾತ್ರ ತೋರಿಸಿ, “ಆ ಮನುಷ್ಯ ಸತ್ತಿದ್ದಾನೆ. ನಾವು ಹೂವು ಕಳಿಸಿದ್ದೇವೆ. ಅವನನ್ನು ಆಡಿಸುವುದು ಹೇಗೆ ಸಾಧ್ಯ?” ಎಂದ.

ರೆಫರಿ ನನ್ನ ಕಡೆ ನೋಡಿದರು. ಬೆರಳು ಮಡಿಸಿ ಎಣಿಸಿದರು. ಆಮೇಲೆ, “ಆರು ಜನ ಇರಬೇಕು ಅಂತ ಇದೆ, ಇದ್ದಾರೆ,” ಎಂದರು. “ಆರು ಜನಾನೂ ಬದುಕಿರಬೇಕು ಅಂತ ನಮ್ಮ ನಿಯಮದಲ್ಲಿ ಎಲ್ಲೂ ಇಲ್ಲ,” ಎಂದವರೇ ಸೀಟಿ ಊದಿದರು.

ಅದರ ನಂತರದ್ದು ಆಟ ಎಂದು ನಾನು ಹೇಳಲಾರೆ. ದುಬೈಯವರು ಯಾರೂ ನನ್ನ ಹತ್ತಿರ ಬರಲಿಲ್ಲ. ಬಿಲ್ಲೆ ಸಿಕ್ಕಿದವನು ದೂರದಿಂದಲೇ ಮೆಲ್ಲಗೆ ತಳ್ಳುತ್ತಿದ್ದ. ಅದು ಬಂದು ನನ್ನ ಪ್ಯಾಡಿಗೆ ಒರಗಿ ನಿಲ್ಲುತ್ತಿತ್ತು. ಒಬ್ಬ ಮಾತ್ರ ವೇಗ ತಡೆಯಲಾಗದೆ ಎದುರಿಗೇ ಬಂದುಬಿಟ್ಟ. ಮಾಸ್ಕಿನ ಸರಳುಗಳ ನಡುವೆ ಅವನಿಗೆ ಒದ್ದೆಯಾದ ಎರಡು ಕಣ್ಣು ಕಂಡಿರಬೇಕು. ಅವನು ಬಿಲ್ಲೆಯನ್ನು ಅಲ್ಲೇ ಬಿಟ್ಟು, ಕ್ಷಮಿಸಿ ಎಂದು ಹಿಂದೆ ಹಿಂದೆ ಹೋದ. ಆ ಬಿಲ್ಲೆ ಕ್ಯಾಪ್ಟನ್‌ಗೆ ಸಿಕ್ಕಿತು. ದುಬೈಯವರ ಗೋಲ್‌ಕೀಪರ್ ಕೂಡ ನನ್ನನ್ನೇ ನೋಡುತ್ತಿದ್ದನಾದ್ದರಿಂದ ಗೋಲು ಹೊಡೆಯಲು ಕ್ಯಾಪ್ಟನ್‌ಗೆ ಕಷ್ಟವಾಗಲಿಲ್ಲ. ಪಂದ್ಯ ಮುಗಿದಾಗ ಸ್ಕೋರು ಒಂದು–ಸೊನ್ನೆ. ನಾವು ಗೆದ್ದಿದ್ದೆವು. ಇವರು ಗೆದ್ದಿದ್ದರು.

ಕೊನೆಗೆ ಎರಡು ತಂಡದವರೂ ಸಾಲಾಗಿ ಬಂದು ಕೈಕುಲುಕುವುದು ಪದ್ಧತಿ. ದುಬೈಯವರು ಬೇರೆ ಎಲ್ಲರ ಕೈ ಕುಲುಕಿದರು. ನನ್ನ ಹತ್ತಿರ ಬಂದದ್ದು ಆ ನಾಯಕ ಒಬ್ಬನೇ, ಅದೂ ಮಾರು ದೂರದಲ್ಲಿ ನಿಂತ.

“ಹೋದ ವರ್ಷ ನಿನ್ನ ಮೇಲೆ ಎಂಟು ಗೋಲು ಹೊಡೆದೆವು,” ಎಂದು ಇಂಗ್ಲಿಷಿನಲ್ಲಿ ಪಿಸುಗುಟ್ಟಿದ. “ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.”

ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಅದು ಸುಳ್ಳಲ್ಲ, ಇವರು ಅಂಥದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವವರೇ ಅಲ್ಲ. ಮಾಸ್ಕ್ ತೆಗೆದಿದ್ದರೆ ಅವನ ಭಯ ಹೋಗುತ್ತಿತ್ತು. ಆದರೆ ಗೆಲುವೂ ಇವರ ತಲೆಯಿಂದ ನನ್ನ ತಲೆಗೆ ಬರುತ್ತಿತ್ತು. ತೆಗೆಯಲಿಲ್ಲ.

ಬಸ್ಸು ಹೊರಟ ಸದ್ದು ಕೇಳಿದ ಮೇಲೆ ಹೋಟೆಲಿನವರು ಬಂದು ನನ್ನನ್ನು ಕೈಹಿಡಿದು ಬಾಗಿಲಿಗೆ ಎಳೆದುಕೊಂಡರು. ಮೆಟ್ಟಿಲ ಮೇಲೆ ಕೂರಿಸಿ ಪ್ಯಾಡಿನ ಪಟ್ಟಿ ಬಿಚ್ಚುತ್ತಾ, “ಚಹಾ ಮಾಡಿಸಿದ್ದೆ ಟೀಚರ್, ಒಬ್ಬನೂ ಕುಡೀಲಿಲ್ಲ,” ಎಂದರು. “ಆ ದೊಡ್ಡವ ಬಸ್ಸಿನ ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದ, ‘ಸತ್ತವನು ವಾಪಸ್ಸು ಬರಲಿಕ್ಕೆ ಹೇಗೆ ಆಯ್ತು?’ ಅಂತ.”

“ನೀವು ಏನು ಹೇಳಿದಿರಿ?” ಎಂದೆ.

“ಎಂತ ಹೇಳುದು ಮಾರಾಯ್ರೆ? ‘ಕಫೀಲ್ ಇನ್ನೂ ವೀಸಾ ಕ್ಯಾನ್ಸಲ್ ಮಾಡ್ಲಿಲ್ಲ’ ಅಂದೆ.”